ಕೊನೆಯ ವಾನರ ಚಿತ್ರ ಮತ್ತು ವಾಪಸ್ ಬಂದ ಹತ್ತು ನಿಮಿಷ

ಹಳೇ ಸಿನಿಮಾ ಡಿಸ್ಕ್ ರೂಪದಲ್ಲಿ ಬಂದಾಗ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳ್ತಾರೆ. ಚಿತ್ರ ಎಷ್ಟು ಸ್ಪಷ್ಟವಾಗಿದೆ? ಸದ್ದು ಹೇಗಿದೆ? ಜೊತೆಗೆ ಏನೇನು ಎಕ್ಸ್‌ಟ್ರಾ ಕೊಟ್ಟಿದ್ದಾರೆ? ಆಮೇಲೆ ಐದಕ್ಕೆ ಇಷ್ಟು ಅಂತ ನಕ್ಷತ್ರ ಹಾಕಿ ಮುಗಿಸ್ತಾರೆ. ನಾನಿಲ್ಲಿ ಹೇಳಹೊರಟಿರುವ ಡಿಸ್ಕಿಗೆ ಈ ಮೂರು ಪ್ರಶ್ನೆ ಸಾಲಲ್ಲ. ಅದು ‘ಬ್ಯಾಟಲ್ ಫಾರ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’. 1973ರ ಸಿನಿಮಾ, ಹಳೆಯ ಐದು ವಾನರ ಚಿತ್ರಗಳ ಸರಣಿಯಲ್ಲಿ ಕೊನೆಯದು. 2008ರಲ್ಲಿ ಐದೂ ಚಿತ್ರಗಳು ಒಟ್ಟಿಗೆ ಬ್ಲೂ-ರೇ ಸೆಟ್ ಆಗಿ ಬಂದಾಗ ಇದೂ ಅದರೊಳಗಿತ್ತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಇದೆಲ್ಲದರ ಮೂಲ ಫ್ರೆಂಚ್ ಲೇಖಕ ಪಿಯರ್ ಬೂಲ್ 1963ರಲ್ಲಿ ಬರೆದ ಕಾದಂಬರಿ. ಬೂಲ್ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವನು :) ಮಲಯಾದ ರಬ್ಬರ್ ತೋಟದಲ್ಲಿ ಕೆಲಸ ಮಾಡಿ, ಎರಡನೇ ಮಹಾಯುದ್ಧದ ಹೊತ್ತಿಗೆ ಇಂಡೋಚೈನಾದಲ್ಲಿ ಸೆರೆಸಿಕ್ಕು, ಕಠಿಣ ಶಿಕ್ಷೆ ಅನುಭವಿಸಿ ಬಂದವನು. ಯಜಮಾನ ಯಾರು, ಆಳು ಯಾರು ಅನ್ನೋದು ಒಂದೇ ದಿನದಲ್ಲಿ ಅದಲುಬದಲಾಗಬಹುದು ಅಂತ ಅವನು ಪುಸ್ತಕ ಓದಿ ತಿಳಿದುಕೊಂಡಿದ್ದಲ್ಲ.

1968ರ ಮೊದಲ ಸಿನಿಮಾದ ಕೊನೆಯ ದೃಶ್ಯ ನಿಮಗೆ ಗೊತ್ತೇ ಇರುತ್ತೆ. ವಾನರರು ಆಳುವ ಯಾವುದೋ ಗ್ರಹಕ್ಕೆ ಬಂದಿದ್ದೇನೆ ಅಂದುಕೊಂಡಿದ್ದ ಗಗನಯಾತ್ರಿಗೆ ಸಮುದ್ರದ ದಂಡೆಯಲ್ಲಿ ಅರ್ಧ ಹೂತುಹೋದ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಕಾಣುತ್ತೆ. ಇದು ನಮ್ಮದೇ ಭೂಮಿ ಅಂತ ಆಗ ಅವನಿಗೆ ಅರಿವಾಗುತ್ತೆ. 1970ರ ಎರಡನೇ ಚಿತ್ರದಲ್ಲಿ ನೆಲದಡಿ ಬದುಕುವ ಒಂದು ಮನುಷ್ಯ ಪಂಗಡ ಅಣುಬಾಂಬನ್ನೇ ದೇವರಂತೆ ಪೂಜಿಸುತ್ತೆ. ಕೊನೆಗೆ ಆ ಬಾಂಬೇ ಸಿಡಿದು ಭೂಮಿ ಸುಟ್ಟುಹೋಗುತ್ತೆ. ಕಥೆ ಮುಗೀತಲ್ಲ ಅಂತೀರಾ? 1971ರಲ್ಲಿ ಮೂರನೆಯದು ಬಂತು! ಚಿಂಪಾಂಜಿ ದಂಪತಿಗಳಾದ ಕಾರ್ನೀಲಿಯಸ್ ಮತ್ತು ಜೀರಾ ಕಾಲದಲ್ಲಿ ಹಿಂದಕ್ಕೆ ಬಂದು ಅಮೆರಿಕದಲ್ಲಿ ಇಳಿಯುತ್ತಾರೆ. ಅವರನ್ನು ಕೊಲ್ಲುತ್ತಾರೆ, ಮರಿ ಮಾತ್ರ ಉಳಿಯುತ್ತೆ. 1972ರ ‘ಕಾಂಕ್ವೆಸ್ಟ್’ ಚಿತ್ರದಲ್ಲಿ ಆ ಮರಿಯೇ ಬೆಳೆದು ಸೀಸರ್ ಆಗಿ, ಗುಲಾಮರಾಗಿದ್ದ ವಾನರರನ್ನು ದಂಗೆ ಎಬ್ಬಿಸುತ್ತಾನೆ.

ಅಂದರೆ ಐದನೇ ಚಿತ್ರ ಶುರುವಾಗುವ ಹೊತ್ತಿಗೆ ನೋಡುಗನಿಗೆ ಭೂಮಿಯ ಅಂತ್ಯ ಗೊತ್ತಿದೆ. ಎರಡನೇ ಚಿತ್ರದಲ್ಲೇ ಅದನ್ನು ತೋರಿಸಿಬಿಟ್ಟಿದ್ದಾರೆ. ಕೊನೆಯ ಚಿತ್ರಕ್ಕೆ ಉಳಿದದ್ದು ಒಂದೇ ಪ್ರಶ್ನೆ: ಆ ಅಂತ್ಯವನ್ನು ತಪ್ಪಿಸಬಹುದೇ?

ಇಷ್ಟು ದೊಡ್ಡ ಪ್ರಶ್ನೆಗೆ ಸ್ಟುಡಿಯೋ ಕೊಟ್ಟ ದುಡ್ಡು ಮಾತ್ರ ಮೊದಲ ಚಿತ್ರದ ಮೂರನೇ ಒಂದು ಪಾಲಿನಷ್ಟು. ಮದುವೆ ಮನೆಯ ಕೊನೇ ಪಂಕ್ತಿಯಲ್ಲಿ ಕೂತವರಿಗೆ ಗೊತ್ತು, ಹೋಳಿಗೆ ಖಾಲಿ, ಸಾರು ನೀರು. ಇಲ್ಲೂ ಹಾಗೇ. ಭಯಂಕರ ಯುದ್ಧಕ್ಕೆ ಹೊರಟ ಮನುಷ್ಯರ ಸೈನ್ಯದಲ್ಲಿ ಒಂದು ಹಳೇ ಸ್ಕೂಲ್ ಬಸ್ ಇದೆ! ಹಿಂದೆ ನಿಂತ ವಾನರರ ಮುಖವಾಡಗಳು ಮುಖವಾಡಗಳ ಹಾಗೇ ಕಾಣುತ್ತವೆ. ಹಳೇ ಟಿವಿಯ ಮಸುಕಿನಲ್ಲಿ ಮುಚ್ಚಿಹೋಗುತ್ತಿದ್ದ ಈ ಬಡತನವನ್ನು ಬ್ಲೂ-ರೇ ಎತ್ತಿ ತೋರಿಸುತ್ತೆ. ಚಿತ್ರ ಸ್ಪಷ್ಟವಾದಷ್ಟೂ ಸಿನಿಮಾಕ್ಕೇ ನಷ್ಟ ಅನ್ನೋ ವಿಚಿತ್ರ ಪರಿಸ್ಥಿತಿ.

ಆದರೂ ಈ ಡಿಸ್ಕ್ ಯಾಕೆ ಮುಖ್ಯ ಅಂದರೆ ಅದರಲ್ಲಿ ಎರಡು ಸಿನಿಮಾ ಇವೆ. ಒಂದು, 1973ರಲ್ಲಿ ಥಿಯೇಟರಿಗೆ ಬಂದ ಸುಮಾರು 86 ನಿಮಿಷದ್ದು. ಇನ್ನೊಂದು, ಕತ್ತರಿಸಿದ ದೃಶ್ಯಗಳನ್ನು ಮತ್ತೆ ಸೇರಿಸಿದ, ಸುಮಾರು ಹತ್ತು ನಿಮಿಷ ಉದ್ದದ್ದು.

ಥಿಯೇಟರ್ ಆವೃತ್ತಿಯ ಕಥೆ ಸರಳ. ಅಣುಯುದ್ಧದ ನಂತರ ಸೀಸರ್ ಒಂದು ಊರು ಕಟ್ಟಿದ್ದಾನೆ. ಮನುಷ್ಯರೂ ಅಲ್ಲಿದ್ದಾರೆ, ಆದರೆ ಎರಡನೇ ದರ್ಜೆಯವರಾಗಿ. ಹಾಳುಬಿದ್ದ ನಗರದಡಿ ವಿಕಿರಣದಲ್ಲಿ ಬೇಯುತ್ತಿರುವ ಮನುಷ್ಯರು ಕೋಲ್ಪ್ ಎಂಬ ನಾಯಕನ ಹಿಂದೆ ದಂಡೆತ್ತಿ ಬರುತ್ತಾರೆ, ಸೋಲುತ್ತಾರೆ. ವಾನರ ವಾನರನನ್ನು ಕೊಲ್ಲಬಾರದು ಅನ್ನೋ ಕಟ್ಟಳೆಯನ್ನು ಆಲ್ಡೋ ಎಂಬ ಗೊರಿಲ್ಲಾ ಸೇನಾಪತಿ ಮುರಿದು ಸೀಸರನ ಮಗನನ್ನೇ ಕೊಂದಿರುತ್ತಾನೆ. ಮನುಷ್ಯರಿಗಿಂತ ನಾವೇನೂ ಮೇಲಲ್ಲ ಅಂತ ಸೀಸರನಿಗೆ ಆಗ ಹೊಳೆಯುತ್ತೆ. ಕೊನೆಗೆ ಕ್ರಿ.ಶ. 2670. ವಾನರ ಮಕ್ಕಳೂ ಮನುಷ್ಯ ಮಕ್ಕಳೂ ಒಟ್ಟಿಗೆ ಕೂತು ಈ ಕಥೆ ಕೇಳುತ್ತಿದ್ದಾರೆ. ಸೀಸರನ ಪ್ರತಿಮೆಯ ಕಣ್ಣಿಂದ ಒಂದು ಹನಿ ಇಳಿಯುತ್ತೆ. ಅದು ಆನಂದದ್ದೋ ದುಃಖದ್ದೋ, ಯಾರೂ ಹೇಳುವುದಿಲ್ಲ.

ಈಗ ವಾಪಸ್ ಬಂದ ಹತ್ತು ನಿಮಿಷಕ್ಕೆ ಬನ್ನಿ. ಅದರಲ್ಲಿ ಮುಖ್ಯವಾದದ್ದು, ನಗರದಡಿಯಲ್ಲಿ ಒಂದು ಬಾಂಬ್ ಇದೆ ಅನ್ನೋ ವಿಷಯ. ಎರಡನೇ ಚಿತ್ರದಲ್ಲಿ ಭೂಮಿಯನ್ನು ಸುಟ್ಟ ಅದೇ ಬಾಂಬ್. ತಾನು ಸೋತರೆ ಇದನ್ನು ಹಾರಿಸು ಅಂತ ಕೋಲ್ಪ್ ತನ್ನ ಸಹಾಯಕಿ ಆಲ್ಮಾಗೆ ಹೇಳಿ ಹೋಗಿರುತ್ತಾನೆ. ಅವಳು ಹಾರಿಸಲು ಹೊರಟಾಗ ಮೆಂಡೆಜ್ ಎಂಬುವನು ತಡೆಯುತ್ತಾನೆ. ಇದು ಹಾರಿಸುವ ವಸ್ತುವಲ್ಲ, ಭಕ್ತಿಯಿಂದ ಇಟ್ಟುಕೊಳ್ಳುವ ವಸ್ತು ಅಂತ ಅವನ ವಾದ. ಎರಡನೇ ಚಿತ್ರದಲ್ಲಿ ಬಾಂಬ್ ಪೂಜಿಸುವವರ ನಾಯಕನ ಹೆಸರೂ ಮೆಂಡೆಜ್! ಅಂದರೆ ಆ ಪೂಜೆ ಶುರುವಾಗಿದ್ದು ಇಲ್ಲಿಂದ.

ಈ ದೃಶ್ಯ ಇಲ್ಲದಿದ್ದರೆ ಸಿನಿಮಾ ಹೇಳೋದು, ನಾಳೆ ಬದಲಾಗಬಹುದು ಅಂತ. ಇದ್ದರೆ, ಮಕ್ಕಳು ಒಟ್ಟಿಗೆ ಕೂತು ಕಥೆ ಕೇಳುವಾಗಲೂ ನೆಲದಡಿ ಆ ಬಾಂಬ್ ಕಾಯುತ್ತಾ ಇದೆ. ಪ್ರತಿಮೆಯ ಕಣ್ಣೀರಿನ ಅರ್ಥವೇ ಬೇರೆ ಆಗಿಬಿಡುತ್ತೆ. ಹತ್ತು ನಿಮಿಷ ಐದು ಸಿನಿಮಾಗಳ ತೀರ್ಪನ್ನು ತಿರುಗಿಸಿಬಿಡುತ್ತೆ ಅಂದರೆ ನಂಬ್ತೀರಾ?

ಸೆಟ್ಟಿನಲ್ಲಿ ನಾಲ್ಕನೇ ಚಿತ್ರ ‘ಕಾಂಕ್ವೆಸ್ಟ್’ ಕೂಡ ಎರಡು ರೂಪದಲ್ಲಿದೆ. ಅದನ್ನು ತೆಗೆಯುವಾಗ 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಕಪ್ಪು ಜನರು ಎದ್ದ ದಂಗೆ ಎಲ್ಲರ ಮನಸ್ಸಿನಲ್ಲಿತ್ತು. ಮೂಲದಲ್ಲಿ ವಾನರರು ಗವರ್ನರನನ್ನು ಹೊಡೆದು ಕೊಲ್ಲುತ್ತಾರೆ. ಬಿಡುಗಡೆಗೆ ಮುಂಚೆ ಪ್ರಯೋಗಕ್ಕೆ ತೋರಿಸಿದಾಗ ಜನ ಬೆಚ್ಚಿಬಿದ್ದರು. ಸ್ಟುಡಿಯೋ ಏನು ಮಾಡ್ತು? ಸೀಸರನ ಪಾತ್ರಧಾರಿ ರಾಡಿ ಮೆಕ್‌ಡೊವೆಲ್ ಕೈಲಿ ದಯೆಯ ಮಾತು ಹೇಳಿಸಿ, ಬರೀ ಕಣ್ಣು ಕಾಣುವ ಕ್ಲೋಸಪ್ ಮೇಲೆ ಅಂಟಿಸಿತು. ಕಣ್ಣಷ್ಟೇ ಕಂಡರೆ ತುಟಿ ಹೊಂದಿಸುವ ತಾಪತ್ರಯ ಇಲ್ಲ ನೋಡಿ! ದಂಗೆಯ ಸಿಟ್ಟು ಹೀಗೆ ಎರಡು ವಾಕ್ಯದಲ್ಲಿ ತಣ್ಣಗಾಯಿತು.

ಹಾಗಾಗಿ ಎರಡು ಚಿತ್ರ, ತಲಾ ಎರಡು ಆವೃತ್ತಿ, ಒಟ್ಟು ನಾಲ್ಕು ದಾರಿ. ನಾನು ನಾಲ್ಕನ್ನೂ ನೋಡಿದೆ (ಎರಡು ವಾರಾಂತ್ಯ ಹೋಯಿತು). ದಯೆ ತೋರಿದ ಸೀಸರನನ್ನು ನೋಡಿ ಐದನೆಯದಕ್ಕೆ ಬಂದರೆ ಅವನ ಊರು ಒಂದು ನೀತಿಕಥೆ. ಕೊಲ್ಲಿಸಿದ ಸೀಸರನನ್ನು ನೋಡಿ ಬಂದರೆ, ಕೊಲ್ಲಬಾರದು ಅನ್ನೋ ಕಟ್ಟಳೆಯ ಹಿಂದೆ ರಕ್ತ ಮೆತ್ತಿದ ಕೈಯೊಂದರ ಪಶ್ಚಾತ್ತಾಪ ಕಾಣುತ್ತೆ. ಬಡಕಲು ಅಂತ ಎಲ್ಲರೂ ಬೈದ ಐದನೇ ಚಿತ್ರ ಆಗ ಎಷ್ಟು ಭಾರವಾಗುತ್ತೆ ಅಂತೀರಿ...

ಕೊರತೆಯೂ ಇದೆ. ನಾವು ಆಫೀಸಿನಲ್ಲಿ ಕೋಡ್ ತಿದ್ದಿದರೆ ಏನು ಬದಲಾಯಿತು ಅನ್ನೋದರ ಜೊತೆ ಯಾರು ಬದಲಿಸಿದರು, ಯಾಕೆ ಅಂತಲೂ ಬರೆದಿಡ್ತೀವಿ. ಇಲ್ಲಿ ಬದಲಾವಣೆ ಇದೆ, ಅದಕ್ಕೆ ಸಹಿ ಹಾಕುವವರಿಲ್ಲ. ಕಥೆ ಕೊಟ್ಟ ಪಾಲ್ ಡೆನ್ 1976ರಲ್ಲಿ, ಮೆಕ್‌ಡೊವೆಲ್ 1998ರಲ್ಲಿ, ನಿರ್ದೇಶಕ ಜೆ. ಲೀ ಥಾಮ್ಸನ್ 2002ರಲ್ಲಿ ತೀರಿಕೊಂಡಿದ್ದರು. 2008ರ ಸೆಟ್ ಬರುವ ಹೊತ್ತಿಗೆ ಇದೇ ನನ್ನ ಸಿನಿಮಾ ಅಂತ ಹೇಳಲು ಅವರಾರೂ ಇರಲಿಲ್ಲ. ಅದಕ್ಕೇ ಉದ್ದದ ಆವೃತ್ತಿಯೇ ‘ನಿಜವಾದದ್ದು’ ಅಂತ ನಾನು ಹೇಳಲಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು, ತೀರ್ಮಾನ ನಮಗೆ ಬಿಟ್ಟಿರುವುದೇ ಈ ಡಿಸ್ಕಿನ ದೊಡ್ಡ ಗುಣ.

ಐದನೇ ಚಿತ್ರದಲ್ಲೇ ಒಂದು ದೃಶ್ಯ ಇದೆ. ಅಪ್ಪ ಅಮ್ಮನ ಮುಖವನ್ನೇ ಸರಿಯಾಗಿ ಕಾಣದ ಸೀಸರ್, ಅವರ ಹಳೇ ರೆಕಾರ್ಡಿಂಗ್ ನಗರದ ದಾಖಲೆ ಕೋಣೆಯಲ್ಲಿದೆ ಅಂತ ತಿಳಿದು, ವಿಕಿರಣವನ್ನೂ ಲೆಕ್ಕಿಸದೆ ಅಲ್ಲಿಗೆ ಹೋಗ್ತಾನೆ. ಪರದೆಯ ಮೇಲೆ ಜೀರಾ, ಕಾರ್ನೀಲಿಯಸ್ ಮಾತಾಡ್ತಾರೆ. ಭೂಮಿ ಸುಟ್ಟುಹೋಗಲಿದೆ ಅನ್ನೋ ಸತ್ಯ ಅವನಿಗೆ ಗೊತ್ತಾಗೋದು ಅಲ್ಲೇ. ಆ ಟೇಪನ್ನು ಯಾರಾದರೂ ಪುಣ್ಯಾತ್ಮರು ‘ಮಕ್ಕಳು ಹೆದರ್ತಾರೆ’ ಅಂತ ಹತ್ತು ನಿಮಿಷ ಕತ್ತರಿಸಿಟ್ಟಿದ್ದರೆ? ಸೀಸರ್ ಏನೂ ತಿಳಿಯದೆ ವಾಪಸ್ ಬರುತ್ತಿದ್ದ.

1973ರಲ್ಲಿ ಪ್ರೇಕ್ಷಕನಿಗೆ ಆಗಿದ್ದು ಅದೇ. 2019ರಲ್ಲಿ ಫಾಕ್ಸ್ ಸ್ಟುಡಿಯೋ ಡಿಸ್ನಿಯ ಕೈಸೇರಿತು. ಮುಂದೆ ಯಾವ ಆವೃತ್ತಿ ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನೋದು ಹಕ್ಕುದಾರರ ಇಷ್ಟ. ಮನೆಯ ಕಪಾಟಿನಲ್ಲಿರುವ ಡಿಸ್ಕನ್ನು ಮಾತ್ರ ಯಾರೂ ರಾತ್ರೋರಾತ್ರಿ ತಿದ್ದಲಾರರು.

ನಕ್ಷತ್ರ ಬೇಕೇ ಬೇಕು ಅಂದರೆ ಚಿತ್ರದ ಗುಣಮಟ್ಟಕ್ಕೆ ಮೂರು, ಸಿನಿಮಾಕ್ಕೆ ಎರಡೂವರೆ, ಕತ್ತರಿಸಿದ್ದನ್ನು ಉಳಿಸಿ ಕೊಟ್ಟಿದ್ದಕ್ಕೆ ಐದಕ್ಕೆ ಐದು. ಮೊದಲು ಥಿಯೇಟರ್ ಆವೃತ್ತಿ ನೋಡಿ, ಒಂದು ದಿನ ಬಿಟ್ಟು ಉದ್ದದ್ದು ನೋಡಿ. ಆ ಪ್ರತಿಮೆ ಯಾಕೆ ಅಳುತ್ತೆ ಅಂತ ನಿಮಗನ್ನಿಸಿತೋ ಹೇಳಿ, ನನಗೂ ಕುತೂಹಲ ಇದೆ.