ಚಕ್ರಗಳ ಮೇಲಿನ ಮನೆ



ರಜೆಯ ದಿನಗಳಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳು ಎಳೆದೊಯ್ಯುವ ಟ್ರೈಲರ್ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಇವು ಕೇವಲ ವಿಹಾರದ ಸಾಧನಗಳೆಂದು ಭಾವಿಸುವುದು ಸಹಜ. ಆದರೆ ಇತಿಹಾಸ ಹೇಳುವ ಕಥೆ ಬೇರೆ.

1929ರ ಆರ್ಥಿಕ ಕುಸಿತದ ತರುವಾಯ ನೆಲೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ಟ್ರೈಲರೇ ಸೂರಾಯಿತು. ಹಲವು ನಗರಗಳು ಅವರನ್ನು ಅನುಮಾನದಿಂದ ಕಂಡು, ಬೀಡುಬಿಡದಂತೆ ನಿರ್ಬಂಧ ವಿಧಿಸಿದವು. ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರವೇ ಸಾವಿರಾರು ಟ್ರೈಲರುಗಳನ್ನು ಕೊಂಡು, ಯುದ್ಧಸಾಮಗ್ರಿ ಕಾರ್ಖಾನೆಗಳ ಕಾರ್ಮಿಕರಿಗೆ ವಸತಿ ಕಲ್ಪಿಸಿತು! ನಿನ್ನೆ ಬೇಡವಾಗಿದ್ದುದು ಇಂದು ಅನಿವಾರ್ಯವಾಯಿತು.

1936ರಲ್ಲಿ ವಾಲಿ ಬೈಯಮ್ ಅವರು ವಿಮಾನದ ಮೈಯಂತಹ ಅಲ್ಯೂಮಿನಿಯಂ ಹೊದಿಕೆಯ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಟ್ರೈಲರನ್ನು ಹೊರತಂದರು. 1959ರಲ್ಲಿ ಅವರ ನೇತೃತ್ವದಲ್ಲಿ ಇಂತಹ ಟ್ರೈಲರುಗಳ ಸಾಲೊಂದು ಆಫ್ರಿಕದ ಕೇಪ್‌ಟೌನಿನಿಂದ ಕೈರೋ ನಗರದತ್ತ ಹೊರಟಿತು. ಎಳೆದ ವಾಹನಗಳಲ್ಲಿ ಹೆಚ್ಚಿನವು ಪಿಕಪ್ ಟ್ರಕ್ಕುಗಳೇ. 1969ರಲ್ಲಿ ಚಂದ್ರನಿಂದ ಮರಳಿದ ಅಪೋಲೋ 11ರ ಗಗನಯಾತ್ರಿಗಳನ್ನು ಸೋಂಕಿನ ಶಂಕೆಯಿಂದ ಪ್ರತ್ಯೇಕವಾಗಿರಿಸಿದ್ದೂ ಮಾರ್ಪಡಿಸಿದ ಏರ್‌ಸ್ಟ್ರೀಮಿನಲ್ಲಿ.

ಎಂಜಿನ್ನಿನ ಬಲವೊಂದೇ ಸಾಲದು, ಸಮತೋಲವೂ ಬೇಕು. ಟ್ರೈಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ರೂಢಿಯ ನಿಯಮ. ಹಿಂಭಾರವಾದರೆ ಟ್ರೈಲರು ಹಾವಿನಂತೆ ತೂಗಾಡಿ ಟ್ರಕ್ಕನ್ನೇ ಉರುಳಿಸಬಲ್ಲದು. ಎತ್ತಿನಗಾಡಿಗೆ ಹೇರು ತುಂಬಿದ ನಮ್ಮ ಹಿರಿಯರಿಗೆ ಈ ಸೂತ್ರ ಹೊಸತಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ.

ಮನೆಯನ್ನು ಬಿಟ್ಟು ಬಂದ ನಾವು, ಮನೆಯನ್ನೇ ಕೊಂಡೊಯ್ದವರ ಈ ಚರಿತ್ರೆಯನ್ನು ಆದರದಿಂದ ಅರಿಯೋಣ. ರಸ್ತೆಬದಿಯ ಬಿಡಾರದಲ್ಲಿರುವವರನ್ನು ಕಂಡೊಡನೆ ಅಳೆಯದಿರೋಣ.