ಬಿಸಿಲೂ ಎದೆಯ ರೋಗವೂ

ದೇವಸಮುದ್ರವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಒಂದು ಹೋಬಳಿ. ಮಳೆಯು ಕೃಪಣವಾದ ಈ ಸೀಮೆಯಲ್ಲಿ ಬಿಸಿಲಿಗೆ ಮಾತ್ರ ಬಡತನವಿಲ್ಲ. ಆದರೆ ತಾಲ್ಲೂಕಿಗೆ ಕೀರ್ತಿಯನ್ನು ತಂದಿತ್ತ ರೇಷ್ಮೆಯ ಸೀರೆಯು ಹುಟ್ಟುವುದು ಮನೆಯೊಳಗಣ ಕುಳಿಮಗ್ಗದಲ್ಲಿ. ಕುಳಿಯಲ್ಲಿ ಕಾಲಿಳಿಬಿಟ್ಟು ಹಗಲೆಲ್ಲ ನೆರಳಿನಲ್ಲಿ ಕುಳಿತವನ ಮೈಗೆ ಸೂರ್ಯರಶ್ಮಿಯು ಎಷ್ಟು ತಾಗೀತು? ಆ ಅಭಾವಕ್ಕೂ ಎದೆಯ ರೋಗಕ್ಕೂ ಸಂಬಂಧವುಂಟೆ? ಈ ಪ್ರಶ್ನೆಗೆ ಒಂದೂಮುಕ್ಕಾಲು ಶತಮಾನದ ಚರಿತ್ರೆಯುಂಟು.

1849ರಲ್ಲಿ ಲಂಡನ್ನಿನ ವೈದ್ಯ ವಿಲಿಯಮ್ಸ್ ಎಂಬವರು ಕಾಡ್ ಮೀನಿನ ಎಣ್ಣೆಯಿಂದ ಕ್ಷಯರೋಗಿಗಳಿಗೆ ಗುಣವಾಯಿತೆಂದು ಬರೆದರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಮಾಡಿದ ಫಿನ್ಸೆನ್ನರಿಗೆ 1903ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಆ ಎಣ್ಣೆಯಲ್ಲಿದ್ದ, ಎಲುಬನ್ನು ಬಲಗೊಳಿಸುವ ಸತ್ತ್ವವನ್ನು 1922ರಲ್ಲಿ ಮೆಕಾಲಮ್ಮರು ಬೇರ್ಪಡಿಸಿ ತೋರಿಸಿದರು. ಅದಕ್ಕೆ ಡಿ ಜೀವಸತ್ತ್ವವೆಂದು ಹೆಸರಾಯಿತು. ಬಿಸಿಲು ತಾಗಿದ ಚರ್ಮವೇ ಅದನ್ನು ಉತ್ಪಾದಿಸುತ್ತದೆಂಬುದೂ ಸಿದ್ಧವಾಯಿತು.

ನಮ್ಮ ನಾಡಿನಲ್ಲಿಯೂ ಈ ಕಾಲದ ನಂಬುಗೆಯ ಗುರುತಿದೆ. ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಆರೋಗ್ಯಧಾಮವೊಂದನ್ನು ಸ್ಥಾಪಿಸಿದರು. ಔಷಧವಿಲ್ಲದ ಆ ದಿನಗಳಲ್ಲಿ ಗಾಳಿ, ಬೆಳಕು, ವಿಶ್ರಾಂತಿ, ಪುಷ್ಟಿಕರವಾದ ಆಹಾರಗಳೇ ಇಂತಹ ಧಾಮಗಳ ಚಿಕಿತ್ಸೆ. ಅರಮನೆಯಲ್ಲಿ ಇವುಗಳಿಗೆ ಕೊರತೆಯಿತ್ತೆ? ಆದರೂ ರೋಗವು ಅರಮನೆಯನ್ನು ಬಿಡಲಿಲ್ಲವೆಂಬುದು ವಿಚಾರಾರ್ಹ.

ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದಮೇಲೆ ಮದರಾಸಿನಲ್ಲಿ ಪರೀಕ್ಷೆ ನಡೆಯಿತು. 1959ರಲ್ಲಿ ಪ್ರಕಟವಾದ ಅದರ ಫಲವು ಲೋಕವನ್ನೇ ಬೆರಗುಗೊಳಿಸಿತು: ಇಕ್ಕಟ್ಟಾದ ಬಡಮನೆಗಳಲ್ಲಿದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣಹೊಂದಿದರು.

ಜೀವಸತ್ತ್ವದ ವಾದವು ಅಷ್ಟಕ್ಕೆ ಮುಗಿಯಲಿಲ್ಲ. ಕ್ಷಯಾಣುಗಳನ್ನು ಕೊಲ್ಲುವ ರಕ್ತಕಣಗಳಿಗೆ ಅದು ನೆರವಾಗುತ್ತದೆಂದು 2006ರಲ್ಲಿ ತಿಳಿದುಬಂದಿತು. 25 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2017ರ ಪರಿಶೀಲನೆಯು, ಕೊರತೆ ತೀವ್ರವಾಗಿದ್ದವರಿಗೆ ನಿತ್ಯದ ಸಣ್ಣ ಪ್ರಮಾಣವು ಶ್ವಾಸಾಂಗದ ಸೋಂಕನ್ನು ತಗ್ಗಿಸಿತೆಂದಿತು. ಆದರೆ 2020ರಲ್ಲಿ ಮಂಗೋಲಿಯದ 8,851 ಮಕ್ಕಳ ಪರೀಕ್ಷೆಯಲ್ಲಿ ಕ್ಷಯದ ಸೋಂಕು ಕಡಮೆಯಾಗಲಿಲ್ಲ. 2025ರಲ್ಲಿ 46 ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಸಾಮಾನ್ಯ ಶ್ವಾಸರೋಗಗಳಲ್ಲಿಯೂ ನಿಶ್ಚಿತವಾದ ಲಾಭವು ಕಾಣಲಿಲ್ಲ.

ಆದುದರಿಂದ ಬಿಸಿಲನ್ನು ಎಲುಬಿನ ಮಿತ್ರನೆಂದು ಆದರಿಸೋಣ. ಎದೆಯ ವೈದ್ಯನೆಂದು ನೆಚ್ಚದಿರೋಣ. ಮಗ್ಗದ ಮನೆಗೆ ಕಿಟಕಿಯು ಬೇಕು. ಏಕೆಂದರೆ ಗಾಳಿಯು ರೋಗಾಣುಗಳನ್ನು ಚದರಿಸುತ್ತದೆ. ಎರಡು ವಾರ ಮೀರಿದ ಕೆಮ್ಮಿಗಾದರೋ ಅಂಗಳದ ಬಿಸಿಲು ಮದ್ದಲ್ಲ, ಕಫದ ಪರೀಕ್ಷೆಯೇ ಮೊದಲ ಮೆಟ್ಟಿಲು.