ಹರಳು ಬೆಳೆಸಿದವರ ಹೆಸರು ಎಲ್ಲಿ ಹೋಯ್ತು? (ಭಾಗ 4)

1998ರ ಭೌತಶಾಸ್ತ್ರದ ನೊಬೆಲ್ ಯಾರಿಗೆ ಬಂತು ಅಂತ ಹುಡುಕಿದ್ರೆ ಮೂರು ಹೆಸರು ಸಿಗುತ್ತೆ: ರಾಬರ್ಟ್ ಲಾಫ್ಲಿನ್, ಹೋರ್ಸ್ಟ್ ಸ್ಟೋರ್ಮರ್, ಡೇನಿಯಲ್ ತ್ಸುಯಿ. ಈಗ ಆ ಪ್ರಯೋಗದ 1982ರ ಪ್ರಬಂಧ ತೆಗೆದು ನೋಡಿ. ಅಲ್ಲೂ ಮೂರೇ ಹೆಸರು. ಆದ್ರೆ ಲಾಫ್ಲಿನ್ ಜಾಗದಲ್ಲಿ ಆರ್ಥರ್ ಗೊಸಾರ್ಡ್ ಇದ್ದಾರೆ. ಇವರ ಕೆಲಸ ಹರಳು ಬೆಳೆಸೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1960ರ ದಶಕದ ಕೊನೆ, ಅಮೆರಿಕದ ಬೆಲ್ ಲ್ಯಾಬ್ಸ್. ಜಾನ್ ಆರ್ಥರ್ ಮತ್ತು ಆಲ್ಫ್ರೆಡ್ ಚೋ ಅಲ್ಲಿ ಮಾಲಿಕ್ಯುಲರ್ ಬೀಮ್ ಎಪಿಟಾಕ್ಸಿ ಅನ್ನೋ ವಿಧಾನ ರೂಪಿಸಿದರು. ಹೆಸರು ಕೇಳಿ ಹೆದರಬೇಡಿ. ಗಾಳಿಯೆಲ್ಲ ಹೀರಿ ತೆಗೆದ ಒಂದು ಸ್ಟೀಲ್ ಚೇಂಬರ್, ಅದರೊಳಗೆ ಪುಟ್ಟ ಪುಟ್ಟ ಕುಲುಮೆಗಳು. ಒಂದರಲ್ಲಿ ಗ್ಯಾಲಿಯಂ, ಒಂದರಲ್ಲಿ ಅಲ್ಯೂಮಿನಿಯಂ, ಇನ್ನೊಂದರಲ್ಲಿ ಆರ್ಸೆನಿಕ್. ಕಾಯಿಸಿದಾಗ ಪರಮಾಣುಗಳು ಹಾರಿ ಎದುರಿನ ಬಿಸಿ ಬಿಲ್ಲೆ ಮೇಲೆ ಕೂರುತ್ತವೆ. ಸೆಕೆಂಡಿಗೆ ಸುಮಾರು ಒಂದು ಪದರ ಅಷ್ಟೇ! ಒಂದು ಗಂಟೆ ಕಾದ್ರೂ ಸುಮಾರು ಒಂದು ಮೈಕ್ರೋಮೀಟರ್ ದಪ್ಪ. ಆದ್ರೆ ಪ್ರತಿ ಕುಲುಮೆಯ ಮುಂದೆ ಒಂದು ಶಟರ್ ಇರುತ್ತೆ. ಇಷ್ಟು ನಿಧಾನ ಇರೋದ್ರಿಂದಲೇ ಯಾವ ಪದರದಲ್ಲಿ ಏನಿರಬೇಕು ಅಂತ ಎಣಿಸಿ ಎಣಿಸಿ ಹಾಕೋಕೆ ಆಗುತ್ತೆ.

ಗ್ಯಾಲಿಯಂ ಆರ್ಸೆನೈಡ್‌ನ ಬ್ಯಾಂಡ್ ಗ್ಯಾಪ್, ಅಂದ್ರೆ ಎಲೆಕ್ಟ್ರಾನ್ ಬಿಡುಗಡೆಯಾಗಲು ಹತ್ತಬೇಕಾದ ಮೆಟ್ಟಿಲು, 1.42 ಎಲೆಕ್ಟ್ರಾನ್ ವೋಲ್ಟ್. ಶೇ. 30ರಷ್ಟು ಗ್ಯಾಲಿಯಂ ಜಾಗದಲ್ಲಿ ಅಲ್ಯೂಮಿನಿಯಂ ಕೂರಿಸಿ, ಅದು ಸುಮಾರು 1.8 ಆಗುತ್ತೆ. ಎಷ್ಟು ಬೇಕೋ ಅಷ್ಟು ಬೆರೆಸಿ, ಮೆಟ್ಟಿಲ ಎತ್ತರ ನೀವೇ ನಿರ್ಧರಿಸಿ. ಅದೃಷ್ಟಕ್ಕೆ ಎರಡೂ ಹರಳುಗಳ ಪರಮಾಣು ಅಂತರ ಹೆಚ್ಚೂಕಡಿಮೆ ಒಂದೇ, ಹಾಗಾಗಿ ಒಂದರ ಮೇಲೊಂದು ಸೊಟ್ಟಗಾಗದೆ ಬೆಳೆಯುತ್ತವೆ.

ಇಂಥ ಎರಡು ಮಿಶ್ರಹರಳಿನ ಗೋಡೆ ನಡುವೆ ತೆಳ್ಳನೆಯ ಗ್ಯಾಲಿಯಂ ಆರ್ಸೆನೈಡ್ ಇಟ್ಟರೆ ಎಲೆಕ್ಟ್ರಾನ್ ಸಿಕ್ಕಿಬೀಳುತ್ತೆ. 1974ರಲ್ಲಿ ಡಿಂಗಲ್, ವೀಗ್‌ಮನ್, ಹೆನ್ರಿ ಅದರ ಶಕ್ತಿಮಟ್ಟಗಳನ್ನು ಕಣ್ಣಾರೆ ಅಳೆದರು. ನಾವು ಪರೀಕ್ಷೆಗೆ ಉರು ಹೊಡೆದ ‘ಪೆಟ್ಟಿಗೆಯೊಳಗಿನ ಕಣ’ ಇದೇ ಕಣ್ರೀ!

1981ರ ಅಕ್ಟೋಬರ್‌ನಲ್ಲಿ ಗೊಸಾರ್ಡ್ ಬೆಳೆಸಿದ ಹರಳನ್ನು ತ್ಸುಯಿ, ಸ್ಟೋರ್ಮರ್ ಎಂಐಟಿಯ ಮ್ಯಾಗ್ನೆಟ್ ಲ್ಯಾಬ್‌ಗೆ ಒಯ್ದರು. ಕೊರೆಯೋ ಚಳಿ, ಭಾರೀ ಕಾಂತಕ್ಷೇತ್ರ. ಪೂರ್ಣಸಂಖ್ಯೆ ಬರಬೇಕಾದ ಕಡೆ ಮೂರನೇ ಒಂದು ಭಾಗ ಬಂತು. ಎಲೆಕ್ಟ್ರಾನ್‌ನ ವಿದ್ಯುದಂಶ ಒಡೆದು ಹೋದ ಹಾಗೆ! ಲಾಫ್ಲಿನ್ 1983ರಲ್ಲಿ ಇದನ್ನು ವಿವರಿಸಿದರು. ಆ ವಿವರಣೆ ಅಪ್ರತಿಮ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹರಳು ಸ್ವಲ್ಪ ಕೊಳಕಾಗಿದ್ರೂ ವಿವರಿಸೋಕೆ ಏನೂ ಇರ್ತಿರಲಿಲ್ಲ.

ಒಂದು ನೊಬೆಲ್ ಮೂರಕ್ಕಿಂತ ಹೆಚ್ಚು ಜನರಿಗೆ ಹಂಚಲ್ಲ. ನಿಯಮ ಅಂದ್ರೆ ನಿಯಮ. ನನಗಂತೂ ಈಗಲೂ ಬೇಜಾರು.

ಗೊಸಾರ್ಡ್ ಆಮೇಲೆ ಸ್ಯಾಂಟಾ ಬಾರ್ಬರಾದ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲೂ ಹರಳು ಬೆಳೆಸಿದರು. 2016ರಲ್ಲಿ ಶ್ವೇತಭವನದಲ್ಲಿ ಅವರಿಗೆ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. 2022ರಲ್ಲಿ ತೀರಿಕೊಂಡರು.

ಇವತ್ತು ಅದೇ ಬೆರಕೆಯ ಆಟ ಒಂದೇ ಪದರದ ಹಾಳೆಯಲ್ಲಿ ನಡೀತಿದೆ. ಮಾಲಿಬ್ಡಿನಂ ಡೈಸಲ್ಫೈಡ್‌ನ ಗಂಧಕದ ಜಾಗಕ್ಕೆ ಸೆಲೆನಿಯಂ ಸೇರಿಸ್ತಾ ಹೋದ್ರೆ ಅದು ಹೊಮ್ಮಿಸೋ ಬೆಳಕಿನ ಬಣ್ಣವೇ ಬದಲಾಗುತ್ತೆ. ಅದರ ಕಥೆ ಭಾಗ 5ರಲ್ಲಿ. ಈ ಸಲ ಬೆಳೆಸಿದವರಿಂದಲೇ ಶುರು ಮಾಡ್ತೀನಿ.